ಗೋಡೆಯ ಹೊರಮೈ

ಸಹಿ ಚೆನ್ನಾಗಿ ಬಂದಿದೆ ಎಂದು ಮೊದಲು ಅನಿಸಿತು, ನಾಚಿಕೆಯಾದದ್ದು ಆಮೇಲೆ. ಫಾದರ್ ಅವರ ಮೇಜಿನ ಮೇಲೆ ಶಾಯಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ನಲವತ್ತು ವರ್ಷ ಗೋರಿಕಲ್ಲುಗಳ ಮೇಲೆ ಅಕ್ಷರ ಕೆತ್ತಿದ ಕೈ, ಈಗ ಪೆನ್ನು ಹಿಡಿದರೆ ಸ್ವಲ್ಪ ನಡುಗುತ್ತದೆ, ಆದರೂ ಹೆಸರಿನ ಕೊನೆಯ ಕೊಂಬು ಎಲ್ಲಿ ತಿರುಗಬೇಕೋ ಅಲ್ಲೇ ತಿರುಗಿತ್ತು. ಸಹಿಯ ಮೇಲಿನ ಸಾಲುಗಳನ್ನು ಅವನು ಮತ್ತೆ ಓದಿದ. ಚರ್ಚಿನ ಸಮಾಧಿಭೂಮಿಯ ಉತ್ತರದ ಗೋಡೆಯಿಂದಾಚೆ ಇರುವ ನೆಲದ ಪಟ್ಟಿಯಲ್ಲಿ, ತನಗೆ ತಿಳಿದಮಟ್ಟಿಗೆ, ಯಾವ ಸಮಾಧಿಯೂ ಇಲ್ಲ. ಇದನ್ನು ಹಿರಿಯನಾದ ತಾನು ದೃಢೀಕರಿಸುತ್ತೇನೆ. ‘ತಿಳಿದಮಟ್ಟಿಗೆ’ ಎಂಬುದನ್ನು ಫಾದರ್ ತಾವಾಗಿಯೇ ಸೇರಿಸಿದ್ದರು. ಮರ್ಯಾದಸ್ಥ ಹುಡುಗ. ಇನ್ನೂ ಮೂವತ್ತಾಗಿಲ್ಲ. ವಯಸ್ಸಾದವರ ತಲೆಗೆ ಯಾವ ಹೊಣೆಯೂ ಅಂಟಿಕೊಳ್ಳಬಾರದು ಎಂದು ಯೋಚಿಸಿ ಆ ಮಾತು ಹಾಕಿದ್ದರು, ಮತ್ತು ಅವನು ಆ ಮಾತಿನ ಮರೆಯಲ್ಲಿ ನಿಂತು ಸಹಿ ಮಾಡಿದ್ದ.

“ರಸ್ತೆ ಅಗಲ ಮಾಡೋರು ನಾಳಿದ್ದು ಬೆಳಿಗ್ಗೆ ಗೋಡೆ ಕೆಡವೋಕೆ ಯಂತ್ರ ತರ್ತಾರಂತೆ,” ಎಂದರು ಫಾದರ್, ಕಾಗದವನ್ನು ಫೈಲಿಗೆ ಸೇರಿಸುತ್ತ. “ಬರೀ ಮುಳ್ಳುಗಿಡ ಬೆಳೆದಿರೋ ಜಾಗ. ರಿಜಿಸ್ಟರ್ ಪೂರ್ತಿ ನೋಡ್ದೆ, ಆ ಕಡೆ ಒಂದು ಹೆಸರೂ ಇಲ್ಲ. ಆದ್ರೂ ಯಾರಾದ್ರೂ ಹಿರಿಯರ ಸಹಿ ಬೇಕು ಅಂದ್ರು. ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ ಹೇಳಿ?”

“ಯಾರೂ ಇಲ್ಲ,” ಎಂದ ಅವನು. ಅಷ್ಟು ಮಾತ್ರ ನಿಜವಾಗಿತ್ತು. ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಗೋಡೆಯ ಒಳಗೆ ಹೋಗಿ ಮಲಗಿದ್ದರು. ಅವರ ಹೆಸರುಗಳನ್ನು ಅವನೇ ಕೆತ್ತಿದ್ದ.

ಬೆಳಿಗ್ಗೆಯಿಂದ ಅವನು ಅದೇ ಕುರ್ಚಿಯಲ್ಲಿ ಕೂತಿದ್ದ. ಚರ್ಚಿಗೆ ನೂರಿಪ್ಪತ್ತೈದು ವರ್ಷ ತುಂಬುತ್ತದೆ, ಪುಸ್ತಕ ಬರುತ್ತದೆ, ಅದರಲ್ಲಿ ಸಮಾಧಿಭೂಮಿಯ ಚರಿತ್ರೆಗೆ ಒಂದು ಅಧ್ಯಾಯ ಇರುತ್ತದೆ, ಅದನ್ನು ಹೇಳಬಲ್ಲವರು ‘ಅಕ್ಷರದವರು’ ಒಬ್ಬರೇ. ಊರಿನಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುವುದು. ಹಣೆಬರಹ ಬರೆಯುವವನು ಮೇಲಿದ್ದಾನೆ, ಕೊನೆಯ ಬರಹ ಅಕ್ಷರದವರದ್ದು ಎಂದು ತಮಾಷೆ ಮಾಡುತ್ತಾರೆ. ಹೇಳಲು ಕೂತಾಗ ಅವನಿಗೆ ಖುಷಿಯೇ ಆಗಿತ್ತು, ಅದನ್ನು ಈಗ ನೆನೆದರೆ ಮೈ ಮುದುಡುತ್ತದೆ. ಮೊದಲ ಗೋರಿ ಚರ್ಚು ಕಟ್ಟಿದ ಮೇಸ್ತ್ರಿಯದು, ಚಾವಣಿ ಹಾಕುವ ಮೊದಲೇ ಅಟ್ಟಣೆಯಿಂದ ಬಿದ್ದು ಸತ್ತ, ಆದ್ದರಿಂದ ಚರ್ಚಿಗಿಂತ ಸಮಾಧಿಭೂಮಿಗೇ ಹದಿನಾಲ್ಕು ತಿಂಗಳು ವಯಸ್ಸು ಹೆಚ್ಚು ಎಂದು ಹೇಳಿದ್ದ. ಜ್ವರದ ವರ್ಷದ ಸಾಲು, ಎರಡೇ ತಿಂಗಳಲ್ಲಿ ಮೂವತ್ತೊಂದು ಗುಣಿ, ಕಲ್ಲುಗಳೆಲ್ಲ ಒಂದೇ ಅಳತೆ, ಏಕೆಂದರೆ ಕಲ್ಲುಕೋರೆಯವನು ಒಂದೇ ದೊಡ್ಡ ಚಪ್ಪಡಿಯನ್ನು ಸೀಳಿ ಕೊಟ್ಟಿದ್ದ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದ ಓರಗಿತ್ತಿಯರಿಬ್ಬರು, ಸಾಲಿನಲ್ಲಿ ಜಾಗ ಖಾಲಿಯಿದ್ದದ್ದೇ ಅಲ್ಲಿ, ಪಕ್ಕಪಕ್ಕದಲ್ಲೇ ಮಲಗಬೇಕಾಯಿತು. ಇಬ್ಬರ ನಡುವಿನ ಮಣ್ಣು ಪ್ರತಿ ಬೇಸಿಗೆ ಬಿರುಕು ಬಿಡುತ್ತದೆ ಎಂದಾಗ ಫಾದರ್ ಲ್ಯಾಪ್‌ಟಾಪಿನಿಂದ ಕೈ ತೆಗೆದು ನಕ್ಕಿದ್ದರು. “ನೀವೇ ಒಂದು ಪುಸ್ತಕ ಬಿಡಿ,” ಎಂದಿದ್ದರು. ಆ ಹೊಗಳಿಕೆಯ ಬಿಸಿ ಆರುವ ಮೊದಲೇ ಕಾಗದ ಮುಂದೆ ಬಂತು. ಇಲ್ಲ ಎನ್ನಲು ಒಂದು ಕಾರಣ ಬೇಕಿತ್ತು. ಕಾರಣ ಹೇಳಬೇಕೆಂದರೆ ಮಗುವಿನ ವಿಷಯ ಹೇಳಬೇಕಿತ್ತು.

ಮಗು ಉತ್ತರದ ಗೋಡೆಯ ಆಚೆ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲೇ ಇದೆ. ತಲೆಗೆ ನೀರು ಹಾಕಿ ಮಾಡುವ ಜ್ಞಾನಸ್ನಾನ ಆಗದೆ ಸತ್ತ ಕೂಸುಗಳನ್ನು ಒಳಗಿನ ಪವಿತ್ರ ಮಣ್ಣಿಗೆ ಸೇರಿಸುತ್ತಿರಲಿಲ್ಲ, ಆಗಿನ ಕಾಯಿದೆ ಅದು. ಗೋಡೆಯ ಹೊರಗೆ, ಗಂಟೆ ಬಾರಿಸದೆ, ಕಲ್ಲು ನೆಡದೆ, ರಿಜಿಸ್ಟರಿನಲ್ಲಿ ಬರೆಯದೆ ಮಣ್ಣು ಮಾಡುತ್ತಿದ್ದರು. ಆದ್ದರಿಂದಲೇ ಫಾದರ್ ಅವರ ರಿಜಿಸ್ಟರಿನಲ್ಲಿ ಆ ಕಡೆ ಒಂದು ಹೆಸರೂ ಇಲ್ಲ. ಆದರೆ ಅವನ ಹೆಂಡತಿಯ ಲೆಕ್ಕದಲ್ಲಿ ಮಗು ಒಳಗಿದೆ, ದಕ್ಷಿಣದ ನಲ್ಲಿಯ ಹತ್ತಿರ, ಮೂರನೆಯ ಸಾಲಿನ ತುದಿಯಲ್ಲಿ, ಅವನೇ ಕೆತ್ತಿ ನೆಟ್ಟ ಸಣ್ಣ ಕಲ್ಲಿನ ಕೆಳಗೆ. ಆ ಕಲ್ಲಿನ ಕೆಳಗೆ ಏನೂ ಇಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಬೇಕರಿಯವನು ಕೈ ಎತ್ತಿದ, ಇವನೂ ಎತ್ತಿದ. ಕೈ ನೋಡಿಕೊಂಡ. ಮಗು ಹುಟ್ಟಿದ ದಿನವೂ ಮೊದಲು ನೋಡಿಕೊಂಡದ್ದು ಕೈಯನ್ನೇ. ಮನೆಗೆ ತಗುಲಿದ ಶೆಡ್ಡಿನಲ್ಲಿ ಯಾರದೋ ಅಜ್ಜನ ಹೆಸರು ಕೆತ್ತುತ್ತಿದ್ದಾಗ ನರ್ಸಮ್ಮ ಬಾಗಿಲಿಗೆ ಬಂದು ಕೂಗಿದ್ದಳು. ಎರಡು ತಿಂಗಳು ಮೊದಲೇ ಹೆರಿಗೆ, ಹೆಂಡತಿಗೆ ಪ್ರಜ್ಞೆ ಇಲ್ಲ, ಆಂಬುಲೆನ್ಸಿಗೆ ಹೇಳಿ ಕಳಿಸಿದ್ದಾಗಿದೆ, ಮಗು ಅಂಗೈಯಷ್ಟು. “ಇದು ನಿಲ್ಲೋ ಹಾಗಿಲ್ಲ,” ಎಂದಿದ್ದಳು ನರ್ಸಮ್ಮ. “ನಿಮ್ಮಲ್ಲಿ ನೀರು ಹಾಕ್ತೀರಲ್ಲ, ಈಗಲೇ ಹಾಕಿ. ಅವಸರಕ್ಕೆ ಯಾರು ಬೇಕಾದ್ರೂ ಹಾಕ್ಬಹುದಂತೆ. ನಾನು ನಿಮ್ಮವಳಲ್ಲ, ನನಗೆ ಆ ಮಾತು ಬರಲ್ಲ.” ಅವನಿಗೆ ಬರುತ್ತಿತ್ತು. ಬರುತ್ತಿತ್ತು ಎಂದರೆ ಏನು, ಚರ್ಚಿನ ಜ್ಞಾನಸ್ನಾನದ ತೊಟ್ಟಿಯ ಸುತ್ತ ಆ ಮಾತುಗಳನ್ನು ಕೆತ್ತಿದವನೇ ಅವನು, ಪಿತ ಸುತ ಪವಿತ್ರಾತ್ಮ ಎಂದು ಒಂದೊಂದು ಅಕ್ಷರಕ್ಕೂ ಅರ್ಧ ದಿನ ಕೂತು. ನೀರು ಚೊಂಬಿನಲ್ಲಿ ಅಲ್ಲೇ ಇತ್ತು. ಕೈ ನೋಡಿಕೊಂಡ. ಉಗುರುಗಳ ಸಂದಿಯಲ್ಲಿ ಕಲ್ಲುಪುಡಿ, ಅಂಗೈಯಲ್ಲಿ ಅಕ್ಷರ ಬರೆದ ಕೆಂಪು ಬಣ್ಣ. ಈ ಕೈಯಲ್ಲಿ ಅಂಥ ಕೆಲಸ ಮಾಡಬಾರದು ಎನಿಸಿತು. ಗುರುಗಳು ಮಾಡಬೇಕಾದ ಕೆಲಸ, ಕ್ರಮವಾಗಿ ಆಗಲಿ ಎನಿಸಿತು. ಓಡಿದ.

ಆಗಿದ್ದ ಹಳೆಯ ಫಾದರ್ ಅಂಗಳದಲ್ಲಿ ಬರಿಗಾಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ವಿಷಯ ಕೇಳಿದ ತಕ್ಷಣ ಎದ್ದರು, ಒಳಗೆ ಹೋಗಿ ಬೂಟು ತಂದರು. ಲಾಡಿ ಕಟ್ಟಿದರು, ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಬಲಗಾಲಿನ ಲಾಡಿಯ ತುದಿ ಎಳೆ ಬಿಟ್ಟುಕೊಂಡಿತ್ತು, ತೂತಿನೊಳಗೆ ಹೋಗಲಿಲ್ಲ, ಅವರು ಅದನ್ನು ಎಂಜಲು ಮಾಡಿ ಹುರಿ ಮಾಡಿ ಮತ್ತೆ ತೂರಿಸಿದರು. ಅವನು ಎದುರಿಗೆ ನಿಂತು ನೋಡುತ್ತಿದ್ದ. ಹಾಗೇ ಬನ್ನಿ ಎನ್ನಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನ ಕಣ್ಣ ಮುಂದೆ ಆ ಲಾಡಿ ಎಷ್ಟು ಸಲ ತೂತಿಗೆ ಹೋಗದೆ ಮಡಿಸಿಕೊಂಡಿದೆಯೋ! ಅವರಿಬ್ಬರೂ ಮನೆ ಮುಟ್ಟುವಾಗ ನರ್ಸಮ್ಮ ಹೊಸ್ತಿಲಲ್ಲಿ ಮಗುವನ್ನು ಮುಖದವರೆಗೂ ಬಟ್ಟೆಯಲ್ಲಿ ಸುತ್ತಿ ಹಿಡಿದು ನಿಂತಿದ್ದಳು. ಹಳೆಯ ಫಾದರ್ ಮಗುವನ್ನು ನೋಡಿ, ಅವನನ್ನು ನೋಡಿ, “ನೀನೇ ಹಾಕ್ಬಹುದಿತ್ತಲ್ಲಪ್ಪ,” ಎಂದಿದ್ದರು. ಬೈಯುವ ದನಿಯಲ್ಲಿ ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಅವನು ಮನೆ ಸೇರುವಾಗ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಹೆಂಡತಿ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಊರಿನ ಯಾವ ಮಗುವಿನ ತೋಳುದ್ದ ಎಷ್ಟು, ಯಾವುದು ಈ ವರ್ಷ ಎಷ್ಟು ಇಂಚು ಬೆಳೆಯಿತು ಎನ್ನುವುದು ಅವಳ ಬಾಯಲ್ಲೇ ಇರುತ್ತದೆ. ಆ ಮಕ್ಕಳ ಜೊತೆಗೆ ಇನ್ನೊಂದು ಅಳತೆಯನ್ನೂ ಅವಳು ಇಟ್ಟುಕೊಂಡಿದ್ದಳು. ‘ಈಗ ಫ್ರಾಕಿಗೆ ಒಂದೂವರೆ ಮೀಟರ್ ಬೇಕಾಗ್ತಿತ್ತು.’ ‘ಈ ವರ್ಷ ಅವಳು ನನ್ನ ಭುಜದವರೆಗೆ ಬರ್ತಿದ್ಲು.’ ಅಳುತ್ತ ಹೇಳುವುದಿಲ್ಲ, ನೂಲು ಕಡಿಯುತ್ತ ಹೇಳುತ್ತಾಳೆ. ಮತ್ತೆ ಬಸುರಾಗಲಿಲ್ಲ. ವಾರಕ್ಕೆರಡು ಸಲ ಡಬ್ಬಿಯಲ್ಲಿ ನೀರು ತುಂಬಿಕೊಂಡು ನಲ್ಲಿಯ ಹತ್ತಿರದ ಆ ಕಲ್ಲಿನ ಬಳಿ ಹೋಗಿ, ತಾನು ನೆಟ್ಟ ಬಿಳಿ ಹೂವಿನ ಗಿಡಕ್ಕೆ ಹಾಕಿ, ಕೂತು ಮಾತಾಡಿ ಬರುತ್ತಾಳೆ. ನಲ್ಲಿ ಪಕ್ಕದಲ್ಲೇ ಇದ್ದರೂ ಮನೆಯಿಂದಲೇ ನೀರು ಹೊರುತ್ತಾಳೆ, ಮನೆ ನೀರು ಕುಡೀಲಿ ಅನ್ನುತ್ತಾಳೆ. ಅವನು ಗೇಟಿನ ಹತ್ತಿರವೇ ನಿಲ್ಲುತ್ತಾನೆ. ಮೊಣಕಾಲು ನೋವು ಎಂದು ಮೂವತ್ತಾರನೆಯ ವಯಸ್ಸಿನಲ್ಲಿ ಶುರುವಾದ ನೆಪ, ಈಗ ಕಾಲು ನಿಜವಾಗಿಯೂ ನೋಯುತ್ತದೆ. ‘ಊರವರ ಗೋರಿಗೆಲ್ಲ ಬಗ್ಗೋ ಮೊಣಕಾಲು, ನಮ್ಮದಕ್ಕೆ ಮಾತ್ರ ಬಗ್ಗಲ್ಲ’ ಎಂದು ಅವಳು ಒಂದೆರಡು ಸಲ ಚುಚ್ಚಿ ಬಿಟ್ಟುಬಿಟ್ಟಳು.

“ಎಲ್ಲಾ ಹೇಳಿದ್ರಾ?” ಎಂದಳು ಈಗ, ಕನ್ನಡಕ ಹಣೆಗೇರಿಸಿ.

“ಹೇಳ್ದೆ.”

“ನಮ್ಮ ಮಗೂದು ಬರೆಸಿದ್ರಾ? ಯಾವ ಸಾಲು, ಎಷ್ಟನೇದು, ಎಲ್ಲಾ ಹಾಕ್ತಾರಂತೆ ಪುಸ್ತಕದಲ್ಲಿ. ಫಾದರ್ ಭಾನುವಾರ ಹೇಳಿದ್ರು.”

ಅವನು ಚಪ್ಪಲಿ ಬಿಡುವುದರಲ್ಲಿ ಹೊತ್ತು ಕಳೆದ.

“ರೀ, ಹಾಗೇ ಇನ್ನೊಂದು ಮಾತು ಹೇಳ್ಬೇಕಿತ್ತು ನೀವು. ಅವಳ ಪಕ್ಕದ ಜಾಗ ನನಗೆ ಅಂತ ಬರೆದಿಟ್ಟುಕೊಳ್ಳಲಿ. ನೀವು ಬೇಕಾದ್ರೆ ಮೇಸ್ತ್ರಿ ಪಕ್ಕದಲ್ಲಿ ಮಲಗಿ, ಇಬ್ಬರೂ ಕಲ್ಲಿನ ವಿಷಯ ಮಾತಾಡ್ಬಹುದು.” ನಕ್ಕಳು. “ಈಗಲೇ ಹೇಳಿಡ್ಬೇಕು. ನಾಳೆ ಯಾರೋ ಬಂದು ನಮ್ಮಿಬ್ಬರ ಮಧ್ಯೆ ಮಲಗಿದ್ರೆ ಏನ್ ಮಾಡೋಣ?”

ಬರೆಸಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಸುಳ್ಳಿಗೆ ನೂರು ಸುಳ್ಳು ಅನ್ನುತ್ತಾರೆ, ಅದು ನಿಜವಲ್ಲ. ಮೊದಲ ಮೂರು ನಾಲ್ಕು ಹೇಳಿದರೆ ಸಾಕು, ಮಿಕ್ಕದ್ದನ್ನು ಎದುರಿಗಿರುವವರ ನಂಬಿಕೆಯೇ ನಡೆಸಿಕೊಂಡು ಹೋಗುತ್ತದೆ. ಆಸ್ಪತ್ರೆಯಿಂದ ಮೂರು ವಾರದ ಮೇಲೆ ಬಂದವಳು ಮಂಚದ ಅಂಚಿನಲ್ಲಿ ಕೂತು ಕೇಳಿದ್ದು ಎರಡೇ. ‘ನೀರು ಹಾಕಿದ್ರಾ?’ ‘ಹಾಕ್ದೆ.’ ‘ಎಲ್ಲಿಟ್ರಿ?’ ‘ಒಳಗೆ. ನಲ್ಲಿ ಹತ್ತಿರ.’ ನಲ್ಲಿ ಏಕೆ ಬಾಯಿಗೆ ಬಂತೋ. ಸಮಾಧಿಭೂಮಿಯಲ್ಲಿ ಅವನ ಮನಸ್ಸಿಗೆ ಆ ಕ್ಷಣ ಬಂದದ್ದು ನೀರು ಇರುವ ಆ ಒಂದು ಜಾಗವೇ. ಮರುದಿನ ಅವಳು ನೋಡಬೇಕು ಎಂದಳು, ಅವನು ಎರಡು ದಿನ ತಡೆದು ಆ ಎರಡು ದಿನದಲ್ಲಿ ಕಲ್ಲು ಕೆತ್ತಿದ. ‘ಮಗು’ ಎಂದು ಎರಡಕ್ಷರ, ಕೆಳಗೆ ತಾರೀಖು. ನೆಡುವಾಗ ಹಳೆಯ ಫಾದರ್ ಆ ದಾರಿಯಲ್ಲೇ ಬಂದರು. ಖಾಲಿ ಮಣ್ಣನ್ನೂ ಕಲ್ಲನ್ನೂ ನೋಡಿದರು. ‘ಇರಲಿ ಬಿಡು,’ ಎಂದರು. ‘ಕಲ್ಲಿಗೆ ಜ್ಞಾನಸ್ನಾನ ಬೇಕಿಲ್ಲ.’ ಆ ವರ್ಷದ ಕೊನೆಗೆ ಅವರಿಗೆ ವರ್ಗವಾಯಿತು. ಹೆಂಡತಿ ಆ ಎರಡಕ್ಷರದ ಮೇಲೆ ಬೆರಳಾಡಿಸಿದಳು, ಕುರುಡರು ಮುಖ ಮುಟ್ಟಿ ನೋಡುವ ಹಾಗೆ. ಬಾಯಿಮಾತಾಗಿದ್ದರೆ ಎಂದಾದರೂ ಅನುಮಾನ ಬರುತ್ತಿತ್ತೇನೋ. ಕಲ್ಲಿನಲ್ಲಿ ಕೊರೆದದ್ದನ್ನು ಯಾರು ಅನುಮಾನಿಸುತ್ತಾರೆ?

ನಾಳಿದ್ದು ಬೆಳಿಗ್ಗೆ ಗೋಡೆ ಬೀಳುತ್ತದೆ. ಈಗ ಬಾಯಿ ಮುಚ್ಚಿಕೊಂಡರೆ ಮಗುವಿನ ಮೇಲೆ ಲಾರಿಗಳು ಓಡುತ್ತವೆ, ತಾನು ಸಾಯುವವರೆಗೆ ಆ ಸದ್ದನ್ನು ಮನೆಯಲ್ಲಿ ಕೂತು ಕೇಳಬೇಕು. ಬಾಯಿ ಬಿಟ್ಟರೆ ಇವಳ ಇಪ್ಪತ್ತೊಂಬತ್ತು ವರ್ಷವನ್ನು ಬುಡಸಮೇತ ಕಿತ್ತ ಹಾಗಾಗುತ್ತದೆ. ಅವಳ ಕೊರಳಿಗೆ ನೇತಾಡುತ್ತಿದ್ದ ಅಳತೆಯ ಟೇಪನ್ನು ಅವನು ನೋಡಿದ. ಅದರ ಒಂದು ತುದಿ ಸವೆದು ಅಂಕಿಗಳೇ ಅಳಿಸಿಹೋಗಿದ್ದವು.

“ನಡಿ, ಹೋಗೋಣ,” ಎಂದ.

“ಈಗಲೇ? ಊಟ?”

“ಬಂದು ಮಾಡೋಣ.”

ಅವಳು ಆಶ್ಚರ್ಯದಿಂದ ನೋಡಿ, ಅಡುಗೆಮನೆಗೆ ಹೋಗಿ ಡಬ್ಬಿಗೆ ನೀರು ತುಂಬಿಕೊಂಡಳು. ಅವನಾಗಿ ಕರೆದದ್ದು ಇದೇ ಮೊದಲು. ದಾರಿಯುದ್ದಕ್ಕೂ ಅವಳ ನಡಿಗೆಯಲ್ಲಿ ಒಂದು ಲವಲವಿಕೆ ಇತ್ತು. ಮೊಣಕಾಲಿಗೆ ಇವತ್ತು ಒಳ್ಳೆ ಬುದ್ಧಿ ಬಂದಿದೆ ಎಂದಳು. ಗಿಡದಲ್ಲಿ ಎಂಟು ಮೊಗ್ಗಿವೆ ತೋರಿಸ್ತೀನಿ ಎಂದಳು. ಗೇಟಿನ ಹತ್ತಿರ ಬಂದಾಗ ಅವನು ಒಳಗೆ ಹೋಗದೆ ಎಡಕ್ಕೆ ತಿರುಗಿದ. “ಅಲ್ಲಿ ಏನಿದೆ? ಬರೀ ಮುಳ್ಳು,” ಎಂದಳು ಅವಳು. ಅವನು ಗೋಡೆಯ ಹೊರಮೈ ಹಿಡಿದು ನಡೆದ. ಆಳೆತ್ತರಕ್ಕಿಂತ ಎತ್ತರದ ಕಲ್ಲುಗೋಡೆ, ಒಳಗಿನ ಶಿಲುಬೆಗಳ ತುದಿಯೂ ಕಾಣುವುದಿಲ್ಲ. ರಸ್ತೆಯವರು ಹತ್ತು ಹತ್ತು ಹೆಜ್ಜೆಗೊಂದು ಕೆಂಪು ಬಣ್ಣದ ಗುರುತು ಬಳಿದು ಅಂಕಿ ಬರೆದಿದ್ದರು. ಅಂಕಿಗಳು ಅಡ್ಡಾದಿಡ್ಡಿಯಾಗಿದ್ದವು, ಬಣ್ಣ ಸೋರಿತ್ತು. ಇಂಥ ಹೊತ್ತಿನಲ್ಲೂ ಆ ಕೆಟ್ಟ ಬರವಣಿಗೆ ಕಣ್ಣಿಗೆ ಚುಚ್ಚಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಆವತ್ತು ಗುಣಿ ತೋಡುವವನ ಜೊತೆ ಇದೇ ಗೋಡೆ ಹಿಡಿದು ಬಂದಿದ್ದ. ಅವನನ್ನು ಎಲ್ಲರೂ ‘ಆರಡಿ’ ಎಂದು ಕರೆಯುತ್ತಿದ್ದರು, ಆರಡಿಗಿಂತ ಒಂದಿಂಚು ಕಡಿಮೆ ಗುಣಿ ತೋಡುತ್ತಿರಲಿಲ್ಲ ಎಂದು. ಮನುಷ್ಯ ಮಾತ್ರ ಐದಡಿ ಇದ್ದ. ಪೆಟ್ಟಿಗೆ ಮಾಡಿಸಲು ಹೊತ್ತಿರಲಿಲ್ಲ. ತನ್ನ ಉಳಿಗಳ ಮರದ ಪೆಟ್ಟಿಗೆಯನ್ನು ಖಾಲಿ ಮಾಡಿ, ಒರೆಸಿ, ಹೆಂಡತಿ ಹೊಲಿದಿಟ್ಟಿದ್ದ ಬಟ್ಟೆ ಹಾಸಿ ತಂದಿದ್ದ. ಹೊತ್ತಾಗುತ್ತದೆ, ಇಷ್ಟು ಸಣ್ಣದಕ್ಕೆ ಎರಡಡಿ ಸಾಕು ಎಂದಿದ್ದಕ್ಕೆ ಆ ಆಸಾಮಿ ಗುಣಿಯೊಳಗಿಂದಲೇ ತಲೆಯೆತ್ತಿ, ‘ಸಣ್ಣದಾದ್ರೇನು, ನಾಯಿ ಕೆರೀಬಾರ್ದು,’ ಎಂದು ಆರಡಿಯೇ ತೋಡಿದ. ಆಮೇಲೆ ಪೆಟ್ಟಿಗೆ ಕೈಗೆ ತೆಗೆದುಕೊಂಡು, ‘ತಲೆ ಯಾವ ಕಡೆ?’ ಎಂದು ಕೇಳಿದ. ಇವನು ಪೆಟ್ಟಿಗೆಯ ಒಂದು ತುದಿ ತೋರಿಸಿದ. ‘ಗೋಡೆ ಕಡೆ ತಲೆ ಇಡ್ತೀನಿ,’ ಎಂದ ಆರಡಿ, ‘ಒಳಗಿನವರಿಗೆ ಹತ್ತಿರ ಆಗುತ್ತೆ.’ ಮಣ್ಣು ಮುಚ್ಚಿದ ಮೇಲೆ ಇವನು ಜೇಬಿನಿಂದ ಉಳಿ ತೆಗೆದ. ಕಲ್ಲು ನೆಡುವಂತಿರಲಿಲ್ಲ. ಗೋಡೆಯ ಬುಡದ ಕಲ್ಲಿನಲ್ಲಿ ಏನಾದರೂ ಕೊರೆಯೋಣವೆಂದು ಕೂತರೆ ಒಂದಕ್ಷರವೂ ಹೊಳೆಯಲಿಲ್ಲ, ಹೆಸರಿಡದ ಮಗುವಿಗೆ ಯಾವ ಅಕ್ಷರ? ಹೆಬ್ಬೆರಳಿನ ಉಗುರಿನಷ್ಟು ಒಂದು ಗುಳಿ ಕೊರೆದ. ಆಗಲೇ ಕಂಡದ್ದು ಮಿಕ್ಕವು. ಪಕ್ಕದ ಕಲ್ಲಿನಲ್ಲಿ ಮೊಳೆಯಿಂದ ಗೀಚಿದ ಶಿಲುಬೆ. ಅದರಾಚೆ ಗಾರೆಯಲ್ಲಿ ಒತ್ತಿ ಕೂರಿಸಿದ ಒಂದು ನೀಲಿ ಗುಂಡಿ, ಯಾವುದೋ ಅಂಗಿಯದು. ಮುರಿದ ಚಹಾ ಬಸಿಯ ಚೂರು. ಮೂರು ಗೀರು. ಎರಡು ಶಿಲುಬೆ ಪಕ್ಕಪಕ್ಕದಲ್ಲಿ, ಅವಳಿ ಇರಬೇಕು. ಆರಡಿ ಬೆನ್ನು ತಿರುಗಿಸಿ ನಿಂತಿದ್ದ. ‘ಎಲ್ಲಾ ಅಪ್ಪಂದಿರೂ ಮಾಡ್ತಾರೆ,’ ಎಂದ. ‘ನಾನು ನೋಡಲ್ಲ, ನೀವು ಮುಗಿಸಿ.’

“ಏನ್ ಹುಡುಕ್ತಿದ್ದೀರಿ?” ಎಂದಳು ಹೆಂಡತಿ. ಅವನು ಮಂಡಿಯೂರಿ ಬುಡದ ಹುಲ್ಲನ್ನು ಬಗೆಯುತ್ತಿದ್ದ. ಹದಿನಾಲ್ಕು ಎಂಬ ಕೆಂಪು ಅಂಕಿಯ ಕೆಳಗೆ ಬೆರಳಿಗೆ ಗುಳಿ ಸಿಕ್ಕಿತು. ಬಣ್ಣದ ಒಂದು ತೊಟ್ಟು ಸೋರಿ ಬಂದು ಅದರೊಳಗೆ ನಿಂತು ಒಣಗಿತ್ತು.

“ಇಲ್ಲಿದೆ,” ಎಂದ.

“ಏನು?”

“ಮಗು.”

ಅವಳು ಅರ್ಥವಾಗದೆ ನಿಂತಳು. ಅವನು ಹೇಳಿದ. ತಲೆಯೆತ್ತದೆ, ಆ ಗುಳಿಯನ್ನೇ ನೋಡುತ್ತ, ನರ್ಸಮ್ಮನಿಂದ ಹಿಡಿದು ಕಾಗದದ ಸಹಿಯವರೆಗೆ ಎಲ್ಲವನ್ನೂ ಹೇಳಿದ. ಇಷ್ಟು ವರ್ಷದ ಮಾತು ಹೇಳಿ ಮುಗಿಸಲು ಅರ್ಧ ದಿನವಾದರೂ ಬೇಕಾದೀತು ಎಂದುಕೊಂಡಿದ್ದ, ಗೋಡೆಯ ನೆರಳು ಒಂದು ಗೇಣೂ ಸರಿಯುವ ಮೊದಲೇ ಮುಗಿದುಹೋಯಿತು. ಮುಗಿದ ಮೇಲೆ ಬೈಗುಳಕ್ಕೆ ಕಾದ. ಹೊಡೆದರೂ ಸರಿಯೇ ಎಂದು ಕಾದ. ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು.

“ಉಳಿ ಪೆಟ್ಟಿಗೆಗೆ ಹುಳ ಹಿಡೀತು, ಎಸೆದೆ ಅಂದಿದ್ರಿ,” ಎಂದಳು ಕೊನೆಗೆ.

“ಹೂಂ.”

“ಒಳಗೆ ಏನು ಹಾಸಿದ್ರಿ?”

“ನೀನು ಹೊಲಿದಿದ್ದೆಯಲ್ಲ, ಹಳದಿದು.”

“ಕಣ್ಣು ಬಿಟ್ಟಿತ್ತಾ?”

“ಬಿಟ್ಟಿತ್ತು. ನಾನು ಓಡೋವಾಗ ಬಿಟ್ಟಿತ್ತು.”

ಅವಳು ಗೋಡೆಯನ್ನು ನೋಡಿದಳು. “ಚೊಂಬಲ್ಲಿ ನೀರಿತ್ತಲ್ಲ.”

“ಇತ್ತು.”

“ಮಾತು ನಿಮಗೆ ಬರ್ತಿತ್ತಲ್ಲ. ನೀವೇ ಕೆತ್ತಿದ್ದಲ್ವಾ ಅದು.”

“ಕೈ ಕೊಳೆ ಆಗಿತ್ತು,” ಎಂದ ಅವನು. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು. ಹೇಳಿದ ಮೇಲೆ ಅದು ಎಷ್ಟು ಸಣ್ಣದು ಎಂದು ತಿಳಿಯಿತು, ಮತ್ತು ಅಷ್ಟು ಸಣ್ಣದಕ್ಕೆ ಮಗು ಈ ಮುಳ್ಳಿನಲ್ಲಿದೆ ಎಂದು ಅವನು ಎರಡೂ ಅಂಗೈಯನ್ನು ನೆಲಕ್ಕೊತ್ತಿ ಅತ್ತ. ಅವಳು ಅಳಲಿಲ್ಲ. ಅವನ ಬೆನ್ನ ಮೇಲೆ ಕೈಯನ್ನೂ ಇಡಲಿಲ್ಲ. ಏನನ್ನೋ ಲೆಕ್ಕ ಹಾಕುವವಳ ಹಾಗೆ, ಬಟ್ಟೆ ಸಾಕಾಗುತ್ತದೆಯೋ ಇಲ್ಲವೋ ಎಂದು ನೋಡುವಾಗ ಹುಬ್ಬು ಗಂಟಿಕ್ಕುವ ಹಾಗೆ ನಿಂತಿದ್ದಳು.

“ನಲ್ಲಿ ಇಲ್ಲಿಂದ ಎಷ್ಟು ದೂರ?” ಎಂದಳು.

“ಎಂಬತ್ತು ಹೆಜ್ಜೆ. ಇನ್ನೊಂಚೂರು ಜಾಸ್ತಿ.”

“ನೀವು ಇಲ್ಲೇ ಇರಿ. ಅವಳ ತಲೆ ಹತ್ತಿರ. ನಾನು ಒಳಗೆ ಹೋಗಿ, ಯಾವಾಗಲೂ ಮಾತಾಡ್ತಿದ್ದ ಹಾಗೇ ಮಾತಾಡ್ತೀನಿ. ಕೇಳಿಸುತ್ತಾ ನೋಡಿ.”

“ಯಾಕೆ?”

“ಇಷ್ಟು ವರ್ಷ ಅವಳಿಗೆ ಕೇಳಿಸ್ತಿತ್ತೋ ಇಲ್ವೋ ನನಗೆ ಗೊತ್ತಾಗ್ಬೇಕಲ್ಲ,” ಎಂದು ಹೇಳಿ ಅವಳು ಹೊರಟಳು. ಮುಳ್ಳಿಗೆ ಸೆರಗು ಸಿಕ್ಕಿತು, ಬಿಡಿಸಿಕೊಂಡು ಹೋದಳು.

ಅವನು ಗೋಡೆಗೆ ಕಿವಿ ಒತ್ತಿದ. ಬಿಸಿಲಿಗೆ ಕಾದ ಕಲ್ಲು ಕಿವಿಯನ್ನು ಸುಟ್ಟಿತು, ತೆಗೆಯಲಿಲ್ಲ. ಗೇಟಿನ ತಿರುಗಣೆ ಕಿರ್ ಎಂದದ್ದು ಕೇಳಿಸಿತು, ಅಷ್ಟು ದೂರದ್ದು ಕೇಳಿಸಿತಲ್ಲ ಎಂದು ಆಸೆಯಾಯಿತು. ಆಮೇಲೆ ಒಂದು ಕಾಗೆ. ಎಲ್ಲೋ ಒಂದು ಬೈಕು. ಒಣ ಹುಲ್ಲಿನಲ್ಲಿ ಏನೋ ಹರಿದಾಡಿತು. ಈಗ ಅವಳು ನಲ್ಲಿ ದಾಟಿರಬೇಕು, ಈಗ ಕೂತಿರಬೇಕು, ಗಿಡದ ಒಣಗಿದ ಎಲೆ ಕೀಳುತ್ತ ಶುರು ಮಾಡಿರಬೇಕು. ಉಸಿರು ಬಿಗಿಹಿಡಿದ. ಒಂದು ಶಬ್ದ ಸಾಕಿತ್ತು, ಮಾತಾಗಬೇಕಿರಲಿಲ್ಲ, ಒಂದು ಗುನುಗಿನ ಹಾಗೆ ಕೇಳಿಸಿದ್ದರೂ ಸಾಕಿತ್ತು. ದೇವರೇ ಇದೊಂದು ಕೇಳಿಸು ಎಂದು ಬೇಡಿದ, ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಬಾಯಿ ಬಿಟ್ಟು ಏನನ್ನೂ ಬೇಡಿರಲಿಲ್ಲ. ತನ್ನ ಎದೆಬಡಿತವೇ ಕಲ್ಲಿನೊಳಗಿಂದ ಬರುತ್ತಿರುವಂತೆ ಕೇಳಿಸುತ್ತಿತ್ತು. ಬೇರೇನೂ ಇಲ್ಲ. ಗೇಟು ಮತ್ತೆ ಕಿರ್ ಎಂದಿತು.

ಅವಳು ಬಂದಾಗ ಡಬ್ಬಿಯಲ್ಲಿ ನೀರು ಹಾಗೇ ತುಂಬಿತ್ತು. ಗಿಡಕ್ಕೆ ಹಾಕಿರಲಿಲ್ಲ. “ಕೇಳಿಸ್ತಾ?” ಎಂದಳು.

ಹೇಳಿಬಿಡಬಹುದಿತ್ತು. ಸಣ್ಣಗೆ, ದೂರದಿಂದ, ಒಂದೆರಡು ಮಾತು ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳು. ನಂಬಲು ಕಾದುಕೊಂಡೇ ನಿಂತಿದ್ದಳು. ಅವಳ ಮುಖ ಆಸ್ಪತ್ರೆಯಿಂದ ಬಂದ ದಿನ ಮಂಚದ ಅಂಚಿನಲ್ಲಿ ಇದ್ದ ಹಾಗೇ ಇತ್ತು.

“ಇಲ್ಲ,” ಎಂದ.

“ಗಟ್ಟಿಯಾಗೇ ಹೇಳ್ದೆ.”

“ಇಲ್ಲ. ಕೇಳಿಸಲಿಲ್ಲ.”

ಅವಳು ಡಬ್ಬಿಯನ್ನು ಕೆಳಗಿಟ್ಟು, ಕಾಲಿನಿಂದ ಮುಳ್ಳು ಸರಿಸಿ, ಗುಳಿ ಇದ್ದ ಕಲ್ಲಿನ ಎದುರು ನೆಲದ ಮೇಲೆ ಕೂತಳು. ಕೊರಳಿನ ಟೇಪನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಹಾಗಾದ್ರೆ ಮೊದಲಿಂದ ಹೇಳ್ಬೇಕು,” ಎಂದಳು.

ಅವನು ಗೋಡೆಯಿಂದ ಸರಿದು ಅವಳಿಗೆ ಜಾಗ ಬಿಟ್ಟ.

“ನೀವು ಹೋಗಿ. ಫಾದರ್ ಎಲ್ಲಾದ್ರೂ ಹೊರಡೋದ್ರೊಳಗೆ ಹೋಗಿ ಆ ಕಾಗದ ಹರಿದು ಹಾಕಿಸಿ. ಇದೊಂದೇ ಅಲ್ಲ, ಇಲ್ಲಿರೋ ಎಲ್ಲಾ ಕೂಸುಗಳ ವಿಷಯ ಹೇಳಿ. ಹೋಗ್ತಾ ಗೋಡೆ ಬುಡದಲ್ಲಿ ಅಪ್ಪಂದಿರ ಗುರುತು ಎಷ್ಟಿದೆ ಅಂತ ಎಣಿಸ್ಕೊಂಡು ಹೋಗಿ.” ಅವನ ಕಡೆ ತಿರುಗಲಿಲ್ಲ. “ನನ್ನ ಹತ್ತಿರ ಈಗ ಏನೂ ಮಾತಾಡ್ಬೇಡಿ. ನನಗೆ ಇಲ್ಲಿ ಮಾತಾಡೋದು ತುಂಬಾ ಇದೆ.”

ಅವನು ಎದ್ದು ಗೋಡೆಯ ಬುಡ ನೋಡುತ್ತ ನಡೆದ. ಮೊಳೆಯಿಂದ ಗೀಚಿದ ಶಿಲುಬೆ, ಒಂದು. ನೀಲಿ ಗುಂಡಿ ಇನ್ನೂ ಇತ್ತು, ಬಣ್ಣ ಮಾಸಿತ್ತು, ಎರಡು. ಬಸಿಯ ಚೂರು. ಮೂರು ಗೀರು. ಅವಳಿ ಶಿಲುಬೆಗಳಿಗೆ ಒಂದೆಂದು ಎಣಿಸುವುದೋ ಎರಡೆಂದೋ ತಿಳಿಯದೆ ನಿಂತು, ಎರಡೆಂದು ಎಣಿಸಿದ. ಹಿಂದೆ ಅವಳು ಶುರು ಮಾಡಿದ್ದಳು. ಗೇಟಿನ ಹತ್ತಿರ ನಿಂತು ಇಷ್ಟು ವರ್ಷ ದೂರದಿಂದ ಅವಳ ಬೆನ್ನು ನೋಡಿದ್ದ, ಏನು ಮಾತಾಡುತ್ತಾಳೆ ಎಂದು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಅವಳದು ಅಳುವ ದನಿಯಾಗಿರಲಿಲ್ಲ. ಶಾಲೆಯ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ತೋಳು ಚಾಚು, ನೆಟ್ಟಗೆ ನಿಲ್ಲು ಎನ್ನುವ ದನಿ.

“ನೋಡು, ನಿನ್ನ ಮುಖ ನಾನು ನೋಡೇ ಇಲ್ಲ,” ಎನ್ನುತ್ತಿದ್ದಳು. “ಅಲ್ಲಿಂದಲೇ ಶುರು ಮಾಡ್ತೀನಿ.”

ಅಪ್ಪಂದಿರ ಹನ್ನೆರಡನೆಯ ಗುರುತಿನ ಮೇಲೆ ಕೈಯಿಟ್ಟು ಅವನು ನಿಂತ. ಅಲ್ಲಿಯವರೆಗೂ ಅವಳ ಮಾತು ಕೇಳಿಸುತ್ತಿತ್ತು.